ಉತ್ತರ ಎಂಜಿನ್‌ಗಳ ಕಣ್ಣಿಗೆ ನಮ್ಮ ಜಾಲತಾಣ ಬಿದ್ದ ಬಗೆ: ನನ್ನ ಅನುಭವ

ಹಳೆಯ ಫಿಲ್ಮ್ ಕ್ಯಾಮೆರಾಗಳ ದುರಸ್ತಿಯನ್ನು ಕುರಿತ, ಸುಮಾರು ನಾನೂರು ಪುಟಗಳ ಜಾಲತಾಣವೊಂದನ್ನು ನಾನು ಬಹುಕಾಲದಿಂದ ನಡೆಸುತ್ತಿದ್ದೇನೆ. ಗೂಗಲ್ ಹುಡುಕಾಟದಲ್ಲಿ ನಮ್ಮ ಬಹುತೇಕ ಪುಟಗಳು ಮೊದಲ ಹತ್ತರೊಳಗೇ ಇದ್ದವು. ಆದರೆ 2024ರ ಕೊನೆಯಲ್ಲಿ, ಚಾಟ್‌ಜಿಪಿಟಿಗೆ ಹುಡುಕಾಟದ ಸೌಲಭ್ಯ ಬಂದ ಹೊಸತರಲ್ಲಿ, ನಮ್ಮ ವಿಷಯದ ನಲವತ್ತು ಪ್ರಶ್ನೆಗಳನ್ನು ಅದರ ಮುಂದೆಯೂ ಅದರಂತೆಯೇ ಜಾಲವನ್ನು ಹುಡುಕಿ ನೇರ ಉತ್ತರ ಬರೆದುಕೊಡುವ ‘ಉತ್ತರ ಎಂಜಿನ್’ ಆದ ಪರ್‌ಪ್ಲೆಕ್ಸಿಟಿಯ ಮುಂದೆಯೂ ಇಟ್ಟು ನೋಡಿದಾಗ, ಎರಡೇ ಎರಡು ಉತ್ತರಗಳಲ್ಲಿ ನಮ್ಮ ಕೊಂಡಿ ಕಾಣಿಸಿತು. ಉಳಿದವುಗಳಲ್ಲಿ ನಮ್ಮಿಂದಲೇ ಎತ್ತಿಕೊಂಡು ಬರೆದಿದ್ದ ತಾಣಗಳಿಗೆ ಆ ಗೌರವ ಸಂದಿತ್ತು. ಇದನ್ನು ಸರಿಪಡಿಸಲು ಹೊರಟಾಗ ತಾಣದ ಕೆಲಸದಲ್ಲಿ ನನ್ನ ಜೊತೆಗಿದ್ದ ಗೆಳೆಯರು, ಯಂತ್ರ ಯಾವುದನ್ನು ಆರಿಸುತ್ತದೆಂಬುದು ಲಾಟರಿ ಇದ್ದಂತೆ, ಅದರ ಬೆನ್ನು ಹತ್ತಿ ಹಣ ಕಳೆಯಬೇಡಿ ಎಂದರು. ಮೊದಲ ಐದು ತಿಂಗಳು ಅವರ ಮಾತೇ ನಿಜವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಮೊದಲನೆಯ ತಪ್ಪು ಸಲಹೆಗಾರರೊಬ್ಬರನ್ನು ನೇಮಿಸಿಕೊಂಡದ್ದು. ಇಡೀ ವರ್ಷದ ಹೋಸ್ಟಿಂಗ್ ವೆಚ್ಚದ ಸುಮಾರು ನಾಲ್ಕು ಪಟ್ಟು ಹಣ ಪಡೆದ ಅವರು ಮಾಡಿದ್ದು ಎರಡೇ ಕೆಲಸ: ಎಲ್ಲ ಪುಟಗಳಿಗೂ ಎಫ್‌ಎಕ್ಯೂ ಸ್ಕೀಮಾ (ಪ್ರಶ್ನೋತ್ತರಗಳನ್ನು ಯಂತ್ರಕ್ಕೆ ಗುರುತಿಸಿಕೊಡುವ ಕೋಡ್) ಅಂಟಿಸಿದ್ದು ಮತ್ತು ತಾಣದಲ್ಲಿ ಏನೇನಿದೆ ಎಂದು ಎಐ ಯಂತ್ರಗಳಿಗೆ ತಿಳಿಸುವ ಎಲ್‌ಎಲ್‌ಎಮ್‌ಎಸ್ ಟೆಕ್ಸ್ಟ್ (llms.txt) ಎಂಬ ಕಡತವನ್ನು ಬರೆದಿಟ್ಟದ್ದು. ಆ ಕಡತವು 2024ರ ಸೆಪ್ಟೆಂಬರಿನಲ್ಲಿ ಎಐ ಸಂಶೋಧಕ ಜೆರೆಮಿ ಹೋವರ್ಡ್ ಮುಂದಿಟ್ಟ ಪ್ರಸ್ತಾವವಷ್ಟೇ. ಅದನ್ನು ಓದಲೇಬೇಕೆಂಬ ಕಟ್ಟುಪಾಡು ಯಾವ ಎಂಜಿನ್‌ಗೂ ಇಲ್ಲ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಅದನ್ನು ಕೇಳಿ ಬಂದ ಕೋರಿಕೆಗಳು ಹತ್ತಿಪ್ಪತ್ತು ಇರಬಹುದು, ಅವುಗಳಲ್ಲೂ ಹೆಚ್ಚಿನವು ಎಸ್‌ಇಒ (ಹುಡುಕಾಟದಲ್ಲಿ ತಾಣವನ್ನು ಮೇಲೇರಿಸುವ ಕೆಲಸ) ಪರೀಕ್ಷಾ ಸಾಧನಗಳಿಂದ ಬಂದವು.

ಎರಡನೆಯದು ನನ್ನದೇ ತಪ್ಪು. 2023ರಲ್ಲಿ ಚಾಟ್‌ಜಿಪಿಟಿಯ ಸಂಸ್ಥೆ ಓಪನ್‌ಎಐ ತಾಣಗಳನ್ನು ಓದಲು ಕಳುಹಿಸುವ ಸ್ವಯಂಚಾಲಿತ ತಂತ್ರಾಂಶವಾದ (ಬಾಟ್) ಜಿಪಿಟಿಬಾಟ್‌ನ ಸುದ್ದಿ ಬಂದಾಗ, ಎಲ್ಲಿಂದಲೋ ನಕಲು ಮಾಡಿದ ಉದ್ದನೆಯ ನಿಷೇಧಪಟ್ಟಿಯನ್ನು, ಯಾವ ಬಾಟ್ ಬರಬಹುದು ಯಾವುದು ಬರಬಾರದು ಎಂದು ಹೇಳುವ ರೋಬೋಟ್ಸ್ ಕಡತಕ್ಕೆ ಸೇರಿಸಿ ಮರೆತುಬಿಟ್ಟಿದ್ದೆ. ಎಐ ಮಾದರಿಯ ತರಬೇತಿಗಾಗಿ ಬರುವ ಜಿಪಿಟಿಬಾಟ್, ಹುಡುಕಾಟದ ಸೂಚಿಗಾಗಿ (ಇಂಡೆಕ್ಸ್) ಬರುವ ಒಎಐ-ಸರ್ಚ್‌ಬಾಟ್, ಬಳಕೆದಾರರು ಪ್ರಶ್ನೆ ಕೇಳಿದ ಕ್ಷಣದಲ್ಲಿ ಪುಟ ತೆರೆಯುವ ಚಾಟ್‌ಜಿಪಿಟಿ-ಯೂಸರ್, ಈ ಮೂರೂ ಬೇರೆಬೇರೆ. ನಾನು ನಿಷೇಧ ತೆಗೆದದ್ದು ಕೊನೆಯ ಎರಡಕ್ಕೆ ಮಾತ್ರ. ತೆಗೆದ ಮೇಲೂ ಮೂರು ವಾರ ಲಾಗಿನಲ್ಲಿ (ಭೇಟಿಗಳ ದಾಖಲೆ) ಅವುಗಳ ಸುಳಿವಿರಲಿಲ್ಲ. ಬಾಟ್‌ಗಳು ಬರುತ್ತಲೇ ಇಲ್ಲವೆಂದು ನಾನು ನಂಬಿಕೊಂಡಿದ್ದೆ. ನಿಜಸಂಗತಿ ಏನೆಂದರೆ, ನಾನು ನೋಡುತ್ತಿದ್ದದ್ದು ಮೂಲ ಸರ್ವರಿನ ಲಾಗನ್ನು. ಬಾಟ್‌ಗಳೋ ಅದಕ್ಕೂ ಮುಂಚೆಯೇ, ಸರ್ವರಿನ ಮುಂದೆ ನಿಂತು ಪುಟಗಳನ್ನು ಹಂಚುವ ಸಿಡಿಎನ್‌ ಜಾಲದ ಫೈರ್‌ವಾಲ್ ಬಳಿ 403 (ಪ್ರವೇಶವಿಲ್ಲ) ಎಂಬ ಉತ್ತರ ಪಡೆದು ಹಿಂದಿರುಗುತ್ತಿದ್ದವು. ರೋಬೋಟ್ಸ್ ಕಡತದಲ್ಲಿ ಬಾಗಿಲು ತೆರೆದಿಟ್ಟು ಗೇಟಿಗೆ ಬೀಗ ಹಾಕಿಕೊಂಡಿದ್ದೆ. ಫೈರ್‌ವಾಲ್‌ನಲ್ಲಿ ವಿನಾಯಿತಿ ನೀಡುವಾಗ ಬಾಟ್ ತಾನೇ ಹೇಳಿಕೊಳ್ಳುವ ಯೂಸರ್ ಏಜೆಂಟ್ ಹೆಸರೊಂದನ್ನೇ ನಂಬದೆ, ಆಯಾ ಸಂಸ್ಥೆ ಪ್ರಕಟಿಸುವ ಐಪಿ ವಿಳಾಸಗಳ ಪಟ್ಟಿಯೊಡನೆ ಹೋಲಿಸಿಯೇ ನೀಡಿದೆ, ಏಕೆಂದರೆ ಅದೇ ಹೆಸರು ಹೇಳಿಕೊಂಡು ಬಂದು ಪುಟಗಳನ್ನು ನಕಲು ಮಾಡಿಕೊಳ್ಳುವ ಕಳ್ಳ ಸ್ಕ್ರೇಪರ್‌ಗಳು ಕಡಿಮೆಯೇನಿಲ್ಲ.

ಗೇಟು ತೆರೆದ ಮೇಲೆ ಮೂರನೆಯ ತಪ್ಪು ಬೆಳಕಿಗೆ ಬಂತು, ಅದೇ ಎಲ್ಲಕ್ಕಿಂತ ದುಬಾರಿಯಾದದ್ದು. ನಮ್ಮ ತಾಣದ ನಿಜವಾದ ಆಸ್ತಿಯಾದ ಮಾದರಿವಾರು ಕೋಷ್ಟಕಗಳೆಲ್ಲ, ಪುಟ ತೆರೆದ ಮೇಲೆ ಬ್ರೌಸರಿನಲ್ಲಿ ನಡೆಯುವ ಜಾವಾಸ್ಕ್ರಿಪ್ಟ್ ಕೋಡ್ ಮೂಲಕ ತುಂಬಿಕೊಳ್ಳುತ್ತಿದ್ದವು. ಗೂಗಲ್‌ಬಾಟ್ ಜಾವಾಸ್ಕ್ರಿಪ್ಟನ್ನು ನಡೆಸಿ ಓದುತ್ತದೆಯಾದ್ದರಿಂದ ಈ ಕೊರತೆ ವರ್ಷಗಟ್ಟಲೆ ಗೊತ್ತಾಗಿರಲಿಲ್ಲ; ಉತ್ತರ ಎಂಜಿನ್‌ಗಳ ಹೆಚ್ಚಿನ ಬಾಟ್‌ಗಳು ಸರ್ವರಿನಿಂದ ಮೊದಲು ಬಂದ ಎಚ್‌ಟಿಎಮ್‌ಎಲ್ಲನ್ನಷ್ಟೇ (ಪುಟದ ಮೂಲ ಪಠ್ಯ) ಓದಿ ಹೊರಟುಬಿಡುತ್ತವೆ. ಪುಟವನ್ನು ಬ್ರೌಸರ್ ಇಲ್ಲದೆ ತರಿಸುವ ಕರ್ಲ್‌ ಎಂಬ ಸಾಧನದಿಂದ ಒಂದು ಪುಟವನ್ನು ತರಿಸಿ ನೋಡಿದಾಗ ತಲೆಬರಹ, ಮೆನು ಮತ್ತು ಒಂದು ಖಾಲಿ ಡಬ್ಬಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲ ಪುಟಗಳೂ ಸರ್ವರಿನಲ್ಲೇ ಸಿದ್ಧವಾಗಿ ಬರುವಂತೆ ಬದಲಿಸಲು ಎರಡು ತಿಂಗಳು ಹಿಡಿಯಿತು. ವರ್ಷದ ಬಜೆಟ್ಟಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಡೆವಲಪರ್ ಸಂಭಾವನೆಗೇ ಹೋಯಿತು. ಆ ಖರ್ಚಿಗೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ. ಚಾಟ್‌ಜಿಪಿಟಿಯ ಹುಡುಕಾಟ ಬಿಂಗ್‌ನ ನೆರವನ್ನೂ ಪಡೆಯುತ್ತಿದ್ದುದರಿಂದ, ಇದರ ಜೊತೆಗೇ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ತೆರೆದಾಗ, ನಾನೂರರಲ್ಲಿ ನೂರಿಪ್ಪತ್ತೋ ನೂರಮೂವತ್ತೋ ಪುಟಗಳು ಮಾತ್ರ ಅದರ ಸೂಚಿಯಲ್ಲಿದ್ದದ್ದು ಕಂಡಿತು. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ, ಪುಟ ಬದಲಾದೊಡನೆ ಹುಡುಕಾಟ ಎಂಜಿನ್‌ಗೆ ತಿಳಿಸುವ ಇಂಡೆಕ್ಸ್‌ನೌ ಜೋಡಿಸಿದೆ.

ಇಷ್ಟಾದ ಮೇಲೆಯೇ ಬರವಣಿಗೆಗೆ ಕೈ ಹಾಕಿದ್ದು. ಈ ಎಂಜಿನ್‌ಗಳು ಪುಟವನ್ನು ಇಡಿಯಾಗಿ ಎತ್ತಿಕೊಳ್ಳುವುದಿಲ್ಲ, ತುಂಡುತುಂಡಾಗಿ ಎತ್ತಿಕೊಳ್ಳುತ್ತವೆ. ಆದ್ದರಿಂದ ಹಿಂದುಮುಂದಿನ ಆಸರೆಯಿಲ್ಲದೆ ತಾನೇ ನಿಲ್ಲಬಲ್ಲ ಪ್ಯಾರಾ ಮಾತ್ರ ಅವುಗಳ ಕೆಲಸಕ್ಕೆ ಬರುತ್ತದೆ. ನಮ್ಮ ಹಳೆಯ ಪುಟವೊಂದರಲ್ಲಿ “ಇದಕ್ಕೆ ಈಗಿನ ಸೆಲ್ ಹಾಕಿದರೆ ಅಳತೆ ತಪ್ಪುತ್ತದೆ” ಎಂದಿತ್ತು. ಅದನ್ನು “ಕ್ಯಾನನೆಟ್ ಕ್ಯೂಎಲ್17 ಜಿ3 ಕ್ಯಾಮೆರಾದ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದ್ದು, 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಬೆಳಕಿನ ಅಳತೆ ತಪ್ಪುತ್ತದೆ” ಎಂದು ತಿದ್ದಿದೆ. ಎರಡು ವಾರದೊಳಗೆ ಆ ವಾಕ್ಯವೇ, ಬಹುತೇಕ ಅದೇ ಪದಗಳಲ್ಲಿ, ನಮ್ಮ ಕೊಂಡಿಯೊಡನೆ ಉತ್ತರದಲ್ಲಿ ಬಂದಾಗ ನಾನು ಅದರ ಸ್ಕ್ರೀನ್‌ಶಾಟನ್ನು ಗೆಳೆಯರಿಗೆಲ್ಲ ಕಳುಹಿಸಿದ್ದು ಸ್ವಲ್ಪ ಅತಿಯಾಯಿತೇನೋ. ಹೀಗೆ ನೂರೈವತ್ತು ಪುಟಗಳನ್ನು ತಿದ್ದಿದೆ. ಅವನ್ನು ಯಾವ ಕ್ರಮದಲ್ಲಿ ಆರಿಸಿಕೊಂಡೆ ಎಂಬುದರ ಹಿಂದೆ, ಚಾಟ್‌ಜಿಪಿಟಿ-ಯೂಸರ್ ಭೇಟಿಗಳನ್ನು ಆಧರಿಸಿದ ಒಂದು ಲೆಕ್ಕಾಚಾರವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಎಲ್ಲೂ ಇಲ್ಲದ ಪದವೊಂದನ್ನು ಕಟ್ಟಿ, ಶಟರ್ ಸ್ಪ್ರಿಂಗಿನ ಒಂದು ದೋಷಕ್ಕೆ ಅದನ್ನು ಹೆಸರಾಗಿ ಇಟ್ಟು ಒಂದೇ ಪುಟದಲ್ಲಿ ಬರೆದೆ. ಪರ್‌ಪ್ಲೆಕ್ಸಿಟಿ ನಾಲ್ಕೈದು ದಿನಗಳಲ್ಲಿ ಅದನ್ನು ವಿವರಿಸತೊಡಗಿತು, ಚಾಟ್‌ಜಿಪಿಟಿ ಮೂರು ವಾರ ತೆಗೆದುಕೊಂಡಿತು. ಹತ್ತು ಪುಟಗಳ ದಿನಾಂಕವನ್ನಷ್ಟೇ ಹೊಸದಾಗಿಸಿ ಕಾದೆ, ಏನೂ ಆಗಲಿಲ್ಲ. ಯಂತ್ರಕ್ಕೆ ಮಾತ್ರ ಕಾಣುವಂತೆ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಸೂಚನೆ ಬರೆದು ನೋಡುವ ಚಪಲವೂ ಹುಟ್ಟಿತ್ತು. ಒಂದು ಪುಟದಲ್ಲಿ ಎರಡು ದಿನ ಇಟ್ಟು, ಇಂಥದ್ದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ಸಿಕ್ಕಿಬೀಳುತ್ತದೆಂಬ ಅಳುಕಿನಿಂದ ತೆಗೆದುಹಾಕಿದೆ.

ಅದೇ ನಲವತ್ತು ಪ್ರಶ್ನೆಗಳನ್ನು ಈಗಲೂ ಪ್ರತಿ ಸೋಮವಾರ ಮೂರು ಮೂರು ಬಾರಿ ಕೇಳುತ್ತೇನೆ, ಏಕೆಂದರೆ ಒಂದೇ ಪ್ರಶ್ನೆಗೆ ಬೆಳಿಗ್ಗೆ ಸಿಕ್ಕ ಉಲ್ಲೇಖ ಸಂಜೆಗೆ ಇರುವುದಿಲ್ಲ. ಮೂರರಲ್ಲಿ ಎರಡು ಬಾರಿಯಾದರೂ ಕಾಣಿಸಿಕೊಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಆ ಲೆಕ್ಕದಲ್ಲಿ ಎರಡು ಇದ್ದದ್ದು ಹದಿನೇಳೋ ಹದಿನೆಂಟೋ ಆಗಿದೆ. ಚಾಟ್‌ಜಿಪಿಟಿ ತನ್ನ ಕೊಂಡಿಗಳಿಗೆ, ಭೇಟಿ ಎಲ್ಲಿಂದ ಬಂತೆಂದು ತೋರಿಸುವ ಯುಟಿಎಮ್ ಗುರುತು ಸೇರಿಸುವುದರಿಂದ ಅಲ್ಲಿಂದ ಬರುವವರನ್ನು ಎಣಿಸುವುದು ಸುಲಭ: ತಿಂಗಳಿಗೆ ಒಂಬೈನೂರರ ಆಸುಪಾಸು. ಒಟ್ಟು ಭೇಟಿಗಳಲ್ಲಿ ಇದು ಸಣ್ಣ ಪಾಲೇ ಹೌದು, ಆದರೆ ನಮ್ಮ ದುರಸ್ತಿ ಕೈಪಿಡಿಯನ್ನು ಹಣ ಕೊಟ್ಟು ಕೊಳ್ಳುವವರು ಇವರಲ್ಲಿ ಸಾಮಾನ್ಯ ಹುಡುಕಾಟದಿಂದ ಬರುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಡೆವಲಪರಿಗೆ ಕೊಟ್ಟ ಹಣ ಒಂಬತ್ತನೆಯ ತಿಂಗಳಿಗೆ ಹಿಂದಿರುಗಿತು; ಸಲಹೆಗಾರರಿಗೆ ಕೊಟ್ಟದ್ದನ್ನು ನಾನು ಲೆಕ್ಕಕ್ಕೇ ಸೇರಿಸಿಲ್ಲ.

ಬಗೆಹರಿಯದೆ ಉಳಿದಿರುವುದು ಹುಡುಕಾಟದ ಫಲಿತಾಂಶಗಳ ಮೇಲೆ ಗೂಗಲ್ ತೋರಿಸುವ ಸಾರಾಂಶವಾದ ಎಐ ಓವರ್‌ವ್ಯೂ. ಅಲ್ಲಿ ನಮ್ಮ ಉಲ್ಲೇಖ ಹೆಚ್ಚಿದಷ್ಟೂ ಕ್ಲಿಕ್ ಕಡಿಮೆಯಾಗುತ್ತಿದೆ. ಗೂಗಲ್‌ನ ಎಐ ಮಾದರಿಗಳಿಗೆ ನಮ್ಮ ಪುಟ ಬಳಸದಂತೆ ರೋಬೋಟ್ಸ್ ಕಡತದಲ್ಲಿ ಹೇಳುವ ಹೆಸರಾದ ಗೂಗಲ್-ಎಕ್ಸ್‌ಟೆಂಡೆಡ್ ಅನ್ನು ತಡೆದರೆ ಇದಕ್ಕೆ ಉಪಯೋಗವಿಲ್ಲ, ಏಕೆಂದರೆ ಓವರ್‌ವ್ಯೂ ಬಳಸುವುದು ಗೂಗಲ್‌ಬಾಟ್ ತಂದ ಸರಕನ್ನೇ. ಹಾಗಾಗಿ ಕಳೆದ ತಿಂಗಳಿನಿಂದ ಇಪ್ಪತ್ತು ಪುಟಗಳಲ್ಲಿ ಮೊದಲ ಎರಡು ವಾಕ್ಯಗಳನ್ನು ಹಾಗೆಯೇ ಬಿಟ್ಟು, ಕೋಷ್ಟಕದ ಭಾಗಕ್ಕೆ ಮಾತ್ರ, ಅದನ್ನು ಹುಡುಕಾಟದ ತುಣುಕುಗಳಲ್ಲಿ ತೋರಿಸಬೇಡ ಎಂದು ಗೂಗಲ್‌ಗೆ ಹೇಳುವ ನೋಸ್ನಿಪೆಟ್ ಗುರುತು ಹಾಕಿದ್ದೇನೆ.