ಬ್ಯಾಂಕಿನ ಲಾಭದಲ್ಲಿ ನಿಮ್ಮ ಪಾಲೆಷ್ಟು? ನೀವೇ ಲೆಕ್ಕ ಹಾಕಿ

ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ – 1906ರಿಂದ 1931ರೊಳಗೆ ಐದು ಬ್ಯಾಂಕುಗಳು ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿತ್ತು. ಬ್ಯಾಂಕು ಬಡವರ ಬಾಗಿಲಿಗೆ ಬಂದದ್ದು ನಿಜ. ಲಾಭ ಸಮನಾಗಿ ಬಂತೇ ಎಂದರೆ, ಇಲ್ಲ. ಒಂದೇ ಶಾಖೆಯಲ್ಲಿ ಮಲ್ಪೆಯಲ್ಲಿ ಮೀನು ಮಾರುವವರಿಗೂ ಬೋಟಿನ ಮಾಲೀಕರಿಗೂ ಸಿಗುವುದು ಬೇರೆ ಬೇರೆ. ಆ ಅಂತರದಲ್ಲಿ ಒಂದಷ್ಟು ಕಾಗದ ಓದಿದರೆ ಕಡಿಮೆಯಾಗುವಂಥದ್ದು.

ಮೊದಲು ಪಾಸ್‌ಬುಕ್ ತೆಗೆಯಿರಿ. ಉಳಿತಾಯ ಖಾತೆಯಲ್ಲಿ ಆರು ತಿಂಗಳಿಂದ ಮುಟ್ಟದೆ ಇಟ್ಟ ಹಣ ಎಷ್ಟಿದೆ? ದೊಡ್ಡ ಬ್ಯಾಂಕುಗಳಲ್ಲಿ ಅದಕ್ಕೆ ಬಡ್ಡಿ ಶೇ 2.5ರ ಆಸುಪಾಸು. 1 ಲಕ್ಷಕ್ಕೆ ವರ್ಷಕ್ಕೆ 2,500 ರೂಪಾಯಿ. ಅದೇ ಹಣವನ್ನು ಶೇ 6.5ರ ನಿಶ್ಚಿತ ಠೇವಣಿಯಲ್ಲಿ, ಅಂದರೆ ಎಫ್‌ಡಿಯಲ್ಲಿಟ್ಟರೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿ 6,660. ಮೂರು ತಿಂಗಳ ಮನೆಖರ್ಚು ಬಿಟ್ಟು ಉಳಿದದ್ದನ್ನು ಎಫ್‌ಡಿ ಮಾಡಿ. ಒಂದೇ ದೊಡ್ಡ ಎಫ್‌ಡಿ ಬೇಡ, 25 ಸಾವಿರದ ನಾಲ್ಕು ಮಾಡಿ. ಅರ್ಜೆಂಟಿಗೆ ಒಂದನ್ನು ಮುರಿದರೆ ಉಳಿದ ಮೂರರ ಬಡ್ಡಿಗೆ ತೊಂದರೆಯಿಲ್ಲ. ಪಿಗ್ಮಿ ಕಟ್ಟುವವರು ತಿಂಗಳಿಗೊಮ್ಮೆ ಶಾಖೆಗೇ ಹೋಗಿ ಬಾಕಿ ನೋಡಿ, ಏಜೆಂಟರ ಚೀಟಿಗೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ಹಾಕಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಎಷ್ಟು ಕಡಿತ ಎಂಬುದನ್ನು ಶುರುವಿನಲ್ಲೇ ಕೇಳಿಕೊಳ್ಳಿ.

ಹೆಚ್ಚು ಮೋಸಹೋಗುವುದು ಸಾಲದಲ್ಲಿ. ಅಂಗಡಿಯವರು, ಫೈನಾನ್ಸಿನವರು ‘ಶೇ 12 ಮಾತ್ರ’ ಅನ್ನುತ್ತಾರೆ. ಫ್ಲ್ಯಾಟ್ ದರವೋ, ಕಡಿಮೆಯಾಗುತ್ತ ಹೋಗುವ ಬಾಕಿಯ ಮೇಲಿನ ದರವೋ ಎಂದು ಕೇಳಿ. 1 ಲಕ್ಷ ಸಾಲ, 24 ಕಂತು: ಫ್ಲ್ಯಾಟ್ ಆದರೆ ಬಡ್ಡಿ 24,000, ಕಂತು 5,167. ಬಾಕಿಯ ಮೇಲಾದರೆ ಬಡ್ಡಿ ಸುಮಾರು 13,000, ಕಂತು 4,707. ಫ್ಲ್ಯಾಟ್‌ನಲ್ಲಿ ನೀವು ತೀರಿಸಿದ ಅಸಲಿಗೂ ಬಡ್ಡಿ ಕಟ್ಟುತ್ತಲೇ ಇರುತ್ತೀರಿ. ಅದರ ನಿಜವಾದ ದರ ಶೇ 21.5 ದಾಟುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಸಾಲಗಾರರಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’, ಅಂದರೆ ಸಾಲದ ಮುಖ್ಯ ವಿವರಗಳ ಪಟ್ಟಿ, ಕೊಡಲೇಬೇಕು. ಸಹಿ ಹಾಕುವ ಮುಂಚೆ ಅದರಲ್ಲಿ ಎಪಿಆರ್ ಎಂದಿರುವ ಅಂಕಿ ನೋಡಿ. ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿದ ದರ ಅದು. ಎಫ್‌ಡಿ ಇದ್ದವರು ಪರ್ಸನಲ್ ಲೋನ್ ಮಾಡುವುದು ದಂಡ. ಎಫ್‌ಡಿ ಮೇಲೆಯೇ ಸಾಲ ಕೇಳಿ, ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಶೇ 1ರಿಂದ 2 ಮಾತ್ರ ಹೆಚ್ಚು.

ಚಿನ್ನ ಅಡವಿಡುವಾಗ ಕರಿಮಣಿ ಸರ 4 ಪವನು, ಅಂದರೆ 32 ಗ್ರಾಂ ತೂಗಿದರೂ ಮಣಿ, ಅರಗು, ಕಲ್ಲಿನ ತೂಕ ಕಳೆದು ಬೆಲೆ ಕಟ್ಟುತ್ತಾರೆ. ಚೀಟಿಯಲ್ಲಿ ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್ ಬೇರೆ ಬೇರೆ ಬರೆದಿರಬೇಕು. ವರ್ಷದ ಕೊನೆಗೆ ಒಟ್ಟಿಗೆ ತೀರಿಸುವ ಸಾಲದಲ್ಲಿ ಕೈಕೊಡುವುದು ಬಡ್ಡಿ: ಕಟ್ಟದೆ ಬಿಟ್ಟರೆ ಅದು ಬಾಕಿಗೆ ಸೇರಿ ಬೆಳೆಯುತ್ತದೆ, ಕೊನೆಗೆ ಹರಾಜಿನ ನೋಟೀಸು. ಶೇ 10ರ ದರದಲ್ಲಿ 1 ಲಕ್ಷಕ್ಕೆ ತಿಂಗಳಿಗೆ 833 ರೂಪಾಯಿ. ಅಷ್ಟನ್ನಾದರೂ ಕಟ್ಟುತ್ತ ಹೋಗಿ.

ಠೇವಣಿಗೆ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಅಸಲು ಬಡ್ಡಿ ಸೇರಿ, ಎಲ್ಲ ಶಾಖೆಗಳನ್ನೂ ಕೂಡಿಸಿ. ಹಳೆಯ ಸಿಂಡಿಕೇಟ್ ಖಾತೆ, ಕೆನರಾ ಖಾತೆ ಎರಡೂ ಇದ್ದವರು ನೆನಪಿಡಿ: 2020ರ ವಿಲೀನದ ನಂತರ ಅದು ಒಂದೇ ಬ್ಯಾಂಕ್. ಕ್ರೆಡಿಟ್ ಸೊಸೈಟಿ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲವೇ ಇಲ್ಲ. ಅಲ್ಲಿ ಶೇ 1 ಬಡ್ಡಿ ಹೆಚ್ಚು ಸಿಕ್ಕರೂ 1 ಲಕ್ಷಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಅಷ್ಟೆ. ಹಾಗೆಂದು ಸೊಸೈಟಿ ಕೆಟ್ಟದ್ದಲ್ಲ. ಪೂರ್ಣ ಸದಸ್ಯರಿಗೆ, ಷೇರು ಎಷ್ಟೇ ಇರಲಿ, ಒಂದೇ ಮತ. ನ್ಯಾಯದ ಮಾತಿನಲ್ಲಿ ಬ್ಯಾಂಕಿಗಿಂತ ಮೇಲು. ನಾಮಮಾತ್ರ ಸದಸ್ಯರಾಗಿ ಉಳಿಯಬೇಡಿ, ಮಹಾಸಭೆಗೆ ಹೋಗಿ, ವರದಿಯಲ್ಲಿ ಸುಸ್ತಿ ಸಾಲ ಎಷ್ಟಿದೆ ನೋಡಿ.

ಮ್ಯೂಚುವಲ್ ಫಂಡಿನಲ್ಲಿ ‘ಡೈರೆಕ್ಟ್’, ‘ರೆಗ್ಯುಲರ್’ ಎಂದು ಎರಡು ಬಗೆ. ರೆಗ್ಯುಲರ್‌ನಲ್ಲಿ ಮಧ್ಯವರ್ತಿಯ ಕಮಿಷನ್ ಪ್ರತಿವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. ತಿಂಗಳಿಗೆ 2,000ದಂತೆ 20 ವರ್ಷ ಎಸ್‌ಐಪಿ ಕಟ್ಟಿ ಶೇ 12 ಗಳಿಕೆ ಬಂದರೆ ಸುಮಾರು 20 ಲಕ್ಷ, ಕಮಿಷನ್ ಹೋಗಿ ಶೇ 11 ಮಾತ್ರ ಬಂದರೆ 17.5 ಲಕ್ಷ. (ಇಷ್ಟೇ ಬರುತ್ತದೆಂದು ಯಾರೂ ಖಾತರಿ ಕೊಡಲಾರರು.) ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರು ಫಂಡಿಗೆ ಹಾಕಬೇಡಿ.

ಎಫ್‌ಡಿ ಮಾಡಲು ಹೋದಾಗ ವಿಮೆ ಪಾಲಿಸಿ ಕೈಗಿಟ್ಟರೇ? ಪಾಲಿಸಿ ತಲುಪಿದ 30 ದಿನದೊಳಗೆ ಲಿಖಿತವಾಗಿ ವಾಪಸ್ ಕೊಟ್ಟರೆ ಅಲ್ಪ ಕಡಿತದೊಂದಿಗೆ ಹಣ ಮರಳುತ್ತದೆ. ಬ್ಯಾಂಕಿನ ಬಗ್ಗೆ ದೂರಿದ್ದರೆ ಶಾಖೆಗೆ ಬರೆದು ಸ್ವೀಕೃತಿ ಪಡೆಯಿರಿ. 30 ದಿನ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ಸ್ವೀಕೃತಿಯ ಪ್ರತಿ ಇಲ್ಲದಿದ್ದರೆ ದೂರು ಅಲ್ಲೇ ಬಿದ್ದುಹೋಗುವ ಸಂಭವವೇ ಹೆಚ್ಚು.