ಠೇವಣಿ ಇಡುವ ಮೊದಲು ನಗರ ಸಹಕಾರಿ ಬ್ಯಾಂಕಿನ ವಾರ್ಷಿಕ ವರದಿಯನ್ನು ಓದುವ ಬಗೆ

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು 35,000 ರೂಪಾಯಿಗೆ ಮಿತಿಗೊಳಿಸಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ಹಿರಿಯರು ಪಟ್ಟ ಪಾಡನ್ನು ನೆನೆದರೆ, ಬಡ್ಡಿದರ ವಿಚಾರಿಸುವಷ್ಟೇ ಸಹಜವಾಗಿ ವಾರ್ಷಿಕ ವರದಿಯನ್ನು ಕೇಳಿ ಪಡೆಯುವ ರೂಢಿ ನಮ್ಮಲ್ಲಿ ಬೆಳೆಯಬೇಕು ಎನಿಸುತ್ತದೆ.

ವರದಿಯಲ್ಲಿ ಮೊದಲು ಸಿಆರ್‌ಎಆರ್, ಅಂದರೆ ಬಂಡವಾಳ ಪರ್ಯಾಪ್ತತೆಯ ಅನುಪಾತವನ್ನು ನೋಡಿ. ಅಪಾಯದ ಮಟ್ಟಕ್ಕೆ ತಕ್ಕಂತೆ ಲೆಕ್ಕಹಾಕಿದ ಸಾಲ, ಹೂಡಿಕೆಗಳಿಗೆ ಹೋಲಿಸಿದರೆ ಬ್ಯಾಂಕಿನ ಸ್ವಂತ ಬಂಡವಾಳ ಶೇಕಡಾ ಎಷ್ಟಿದೆ ಎಂಬುದನ್ನು ಇದು ಹೇಳುತ್ತದೆ. ಚಿಕ್ಕ ನಗರ ಸಹಕಾರಿ ಬ್ಯಾಂಕುಗಳಿಗೆ ಕನಿಷ್ಠ ಶೇ. 9, ದೊಡ್ಡವಕ್ಕೆ ಶೇ. 12 ಎಂಬ ನಿಯಮವಿದೆ. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಕಾರಣ ವಿಚಾರಿಸಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ವಸೂಲಾಗದ ಸಾಲದ ಲೆಕ್ಕಕ್ಕೆ. ಅಸಲು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಆ ಸಾಲ ಸಾಮಾನ್ಯವಾಗಿ ಎನ್‌ಪಿಎ ಎನಿಸಿಕೊಳ್ಳುತ್ತದೆ. ಅದಕ್ಕಾಗಿ ತೆಗೆದಿರಿಸಿದ ಹಣವನ್ನು ಕಳೆದ ಮೇಲೆ ಉಳಿಯುವುದು ನಿವ್ವಳ ಎನ್‌ಪಿಎ. ಅದು ಬ್ಯಾಂಕು ಕೊಟ್ಟ ಸಾಲದ ಶೇ. 6ನ್ನು ದಾಟಿದರೆ, ತೀರ ಚಿಕ್ಕ ಬ್ಯಾಂಕುಗಳನ್ನು ಬಿಟ್ಟು ಉಳಿದವುಗಳ ಮೇಲೆ ರಿಸರ್ವ್ ಬ್ಯಾಂಕ್ ಸರಿಪಡಿಸುವ ಕ್ರಮಗಳನ್ನು ಆರಂಭಿಸುತ್ತದೆ. ಆದರೆ ಶೇಕಡಾವಾರಿಗಿಂತ ರೂಪಾಯಿಯ ಲೆಕ್ಕ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ. ಷೇರು ಬಂಡವಾಳ ಮತ್ತು ಮೀಸಲು ನಿಧಿ ಸೇರಿ 100 ಕೋಟಿ ಇದ್ದು, ನಿವ್ವಳ ಎನ್‌ಪಿಎ 40 ಕೋಟಿ ಇದ್ದರೆ, ಆ ಸಾಲಗಳು ಪೂರ್ತಿ ಮುಳುಗಿದಲ್ಲಿ ಬ್ಯಾಂಕಿನ ಸ್ವಂತ ಹಣದ ಶೇ. 40 ಭಾಗ ಕರಗಿಹೋಗುತ್ತದೆ. ಈ ಪ್ರಮಾಣ ಅರ್ಧವನ್ನು ಮುಟ್ಟಿದ ಬ್ಯಾಂಕಿನಲ್ಲಿ ಹೊಸದಾಗಿ ಹಣ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಂಕಿಗಳೂ ಮೋಸ ಮಾಡಬಹುದು. ಮುಂಬೈಯ ಪಿಎಂಸಿ (ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ) ಬ್ಯಾಂಕು 2019ರ ಮಾರ್ಚ್ ಅಂತ್ಯಕ್ಕೆ ತೋರಿಸಿದ ಒಟ್ಟು ಎನ್‌ಪಿಎ ಶೇ. 4ಕ್ಕಿಂತ ಕಡಿಮೆಯಿತ್ತು, ಕೆಲವೇ ತಿಂಗಳಲ್ಲಿ, ಅದರ ಸಾಲದ ಬಹುಪಾಲು ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿದ್ದು, ಅದನ್ನು ನಕಲಿ ಖಾತೆಗಳ ಮರೆಯಲ್ಲಿ ಮುಚ್ಚಿಟ್ಟದ್ದು ಬಯಲಾಯಿತು. ಆದ್ದರಿಂದ ಅತಿ ದೊಡ್ಡ 20 ಸಾಲಗಾರರ ಪಾಲೆಷ್ಟು, ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದ್ದಾರೆಯೇ, ರಿಸರ್ವ್ ಬ್ಯಾಂಕ್ ದಂಡ ವಿಧಿಸಿದೆಯೇ ಎಂಬುದನ್ನು ಟಿಪ್ಪಣಿಗಳಲ್ಲಿ ಹುಡುಕಬೇಕು. ನೀವು ಷೇರುದಾರ ಸದಸ್ಯರಾಗಿದ್ದರೆ ಮಹಾಸಭೆಯಲ್ಲಿ ಎದ್ದುನಿಂತು ಇದನ್ನೇ ಕೇಳಿ. ಸುತ್ತಮುತ್ತಲಿನ ಬ್ಯಾಂಕುಗಳಿಗಿಂತ ಗಣನೀಯವಾಗಿ ಹೆಚ್ಚು ಬಡ್ಡಿ ಕೊಡುವ ಬ್ಯಾಂಕಿಗೆ ಅಷ್ಟು ದುಬಾರಿ ಹಣ ಏಕೆ ಬೇಕಾಗಿದೆ ಎಂಬುದೂ ಕೇಳಲೇಬೇಕಾದ ಪ್ರಶ್ನೆ.

ಇಷ್ಟಾದರೂ ಒಂದೇ ಬ್ಯಾಂಕಿನಲ್ಲಿ ಇಡುವ ಮೊತ್ತ ವಿಮೆಯ ಮಿತಿಯೊಳಗಿರಲಿ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮ ಡಿಐಸಿಜಿಸಿ ಕೊಡುವ ವಿಮೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿ. ಅಸಲು, ಬಡ್ಡಿ ಎರಡೂ ಸೇರಿ, ಎಲ್ಲ ಶಾಖೆಗಳ ಠೇವಣಿಯನ್ನೂ ಕೂಡಿಸಿ ಅಷ್ಟೇ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲವೇ ಇಲ್ಲ. 2022ರಲ್ಲಿ ಪಿಎಂಸಿಯನ್ನು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಿದಾಗ, ದೊಡ್ಡ ಮೊತ್ತದ ಠೇವಣಿದಾರರ ಹಣವನ್ನು 10 ವರ್ಷಗಳವರೆಗೆ ಹಂತಹಂತವಾಗಿ ಹಿಂದಿರುಗಿಸುವ ಯೋಜನೆಯೇ ಜಾರಿಗೆ ಬಂದಿತು.