ಏಳು ಚೀಟಿ, ಒಂದು ಪ್ಯಾರಾ

ಹಿರಿಯೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಓದಲು ನಿಂತರೆ ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತಿತ್ತು. ಪುಸ್ತಕ ಮುಚ್ಚಿಸಿ "ಏನು ಓದಿದೆಯಮ್ಮ?" ಅಂದರೆ ನೆಲ ನೋಡುತ್ತಿದ್ದಳು. ಪ್ರಶ್ನೆಯ ಪದವನ್ನು ಪ್ಯಾರಾದಲ್ಲಿ ಹುಡುಕಿ, ಆ ಸಾಲನ್ನು ಹಾಗೇ ಇಳಿಸಿದರೆ ಮಾರ್ಕ್ಸ್ ಬರುತ್ತಲ್ಲ! ಮಕ್ಕಳು ಅದನ್ನೇ ಕಲಿತಿದ್ದರು. ಕಲಿಸಿದವರೂ ನಾವೇ ಅನ್ನಿ.

ಮೊದಲ ವರ್ಷ ಚಾರ್ಟು, ನಾಟಕ ಎಲ್ಲ ಮಾಡಿಸಿದೆ. ಗದ್ದಲವೋ ಗದ್ದಲ. ಖುಷಿಯಾಗೇನೋ ಇದ್ದರು, ಆದರೆ ಚಾರ್ಟಿಗೆ ಬಣ್ಣ ಹಚ್ಚಿದವರಲ್ಲಿ ಅರ್ಧ ಜನ ಪಾಠ ತೆಗೆದೇ ನೋಡಿರಲಿಲ್ಲ.

ಆಮೇಲೆ ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟಿನ ಬಗ್ಗೆ ನಾನೇ ಏಳು ವಾಕ್ಯ ಬರೆದೆ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 2022ರಲ್ಲಿ ನೀರು 130 ಅಡಿ ಮುಟ್ಟಿ ಕೋಡಿ ಬಿದ್ದದ್ದು, ಹೀಗೆ. ವಾಕ್ಯಕ್ಕೊಂದು ಚೀಟಿ. ಕಲೆಸಿ, ನಾಲ್ಕು ಜನರ ಗುಂಪಿಗೊಂದು ಸೆಟ್ ಕೊಟ್ಟೆ. ಸರಿಯಾಗಿ ಜೋಡಿಸಬೇಕು, ಯಾಕೆ ಹಾಗೆ ಅಂತಲೂ ಹೇಳಬೇಕು. (ಫ್ಯಾನ್ ಆಫ್ ಮಾಡಿ ಶುರು ಮಾಡಿ. ನನಗೆ ಮೊದಲ ದಿನವೇ ಬುದ್ಧಿ ಬಂತು.)

"ಅದಕ್ಕೇ ಊರವರು ಬಾಗಿನ ಕೊಟ್ಟರು" ಅನ್ನುವ ಚೀಟಿಯನ್ನು ಆ ಹುಡುಗಿ 1907ರ ಪಕ್ಕ ಇಟ್ಟಿದ್ದಳು. ಯಾಕೆ ಅಂತ ಕೇಳಿದೆ. "ಬಿದ್ದುಹೋದ ಮೇಲೆ ಬಾಗಿನ ಯಾಕೆ ಕೊಡ್ತಾರೆ ಸರ್?" ಅಂದಳು. ತರ್ಕ ಸರಿಯಾಗೇ ಇತ್ತು, ಎಡವಿದ್ದು 'ಕೋಡಿ ಬಿತ್ತು' ಅನ್ನೋದರಲ್ಲಿ. ಓದಲು ತಡವರಿಸುವ ಪಕ್ಕದ ಹುಡುಗ ನಕ್ಕ. "ಬೀಳೋದಲ್ಲ ಕಣೇ, ತುಂಬಿ ಜಾಸ್ತಿ ಆಗಿದ್ದು ಆಚೆ ಹರಿಯೋದು. ನಮ್ಮೂರ ಕೆರೇಲಿ ನೋಡಿಲ್ವಾ?" ಅವಳು ಸುಮ್ಮನೆ ಚೀಟಿ ಎತ್ತಿ 2022ರ ಕೆಳಗಿಟ್ಟಳು. ವರ್ಷವಿಡೀ ಗಟ್ಟಿಯಾಗಿ ಓದಿಸಿದ್ದರೂ ಈ ತಪ್ಪು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಂದಿನಿಂದ ಯಾವ ಚಟುವಟಿಕೆ ಆದರೂ ಒಂದೇ ನೋಡುತ್ತೇನೆ. ಇದನ್ನು ಮುಗಿಸಲು ಮಗು ಮತ್ತೆ ಪ್ಯಾರಾ ಓದಲೇಬೇಕಾ? ಇಲ್ಲ ಅಂದರೆ ಬಿಟ್ಟುಬಿಡುತ್ತೇನೆ. ಚೀಟಿ ಆಟಕ್ಕೆ ಪೂರ್ತಿ ಒಂದು ಪೀರಿಯಡ್ ಬೇಕು, ಸಿಲಬಸ್ ಮುಗಿಸೋ ಒತ್ತಡ ಇದ್ದೇ ಇದೆ. ಹಾಗಾಗಿ ತಿಂಗಳಿಗೆ ಎರಡು ಸಲ, ಅಷ್ಟೇ.

ಉಳಿದ ದಿನ ಪ್ರಶ್ನೆಗಳನ್ನು ಮಕ್ಕಳೇ ಮಾಡುತ್ತಾರೆ. ಉತ್ತರ ಒಂದೇ ಸಾಲಿನಲ್ಲಿ ಸಿಗಬಾರದು, ಅದೊಂದೇ ನಿಯಮ. ತಡವರಿಸುವ ಹುಡುಗ ಎದ್ದು ನಿಂತು, "ಎಷ್ಟು ವರ್ಷ ಆದಮೇಲೆ ಮತ್ತೆ ಕೋಡಿ ಬಿತ್ತು?" ಅಂತ ಕೇಳಿದ. ಅರ್ಧ ಕ್ಲಾಸು ಪ್ಯಾರಾದಲ್ಲಿ ಆ ಸಂಖ್ಯೆ ಹುಡುಕುತ್ತಾ ಕೂತಿತ್ತು. ವಾರ್ತೆ ಓದುವ ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿ ಅಂದಳು, "89, ಸರ್."